ಓರಗಿತ್ತಿಯ ಸೋಲಾರು, ನನ್ನ ಸಂಡಿಗೆ ಬಿಸಿಲು

ಸಬ್ಸಿಡಿ ಬಂತು! ನನ್ನ ಹೆಸರಿನ ಖಾತೆಗೆ, ನನ್ನ ಹೆಸರಿನ ಮೀಟರಿಗೆ, ನನ್ನ ತಾರಸಿಯ ಸೋಲಾರಿಗೆ ಸರ್ಕಾರದ ದುಡ್ಡು ಬಂತು. ಇವತ್ತು ಬೆಳಿಗ್ಗೆ ಮೊಮ್ಮಗಳು ಮೊಬೈಲಿಗೆ ಬಂದ ಮೆಸೇಜನ್ನು ಓದಿ ಹೇಳಿದಳು. ಇನ್ನೊಂದು ಸಲ ಓದು ಅಂದೆ. ಓದಿದಳು. ಇನ್ನೂ ಗಟ್ಟಿಯಾಗಿ ಓದು, ಪಕ್ಕದ ಮನೆಗೆ ಕೇಳಲಿ ಅಂದೆ.

"ಅಜ್ಜೀ, ಇದಕ್ಕಿಂತ ಗಟ್ಟಿಯಾಗಿ ಓದಿದ್ರೆ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್‌ಗೇ ಕೇಳುತ್ತೆ" ಅಂದಳು.

ಕೇಳಲಿ ಬಿಡಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಈ ಸೋಲಾರಿಗಾಗಿ ನಾನು ಪಟ್ಟ ಪಾಡು, ಉರಿದುಕೊಂಡ ಹೊಟ್ಟೆ, ಮಾಡಿಕೊಂಡ ಎಡವಟ್ಟು, ಎಲ್ಲವನ್ನೂ ಇವತ್ತೇ ಬರೆದುಬಿಡುತ್ತೇನೆ. ನಾಳೆಗೆ ಈ ಸಂತೋಷ ಸ್ವಲ್ಪ ತಣ್ಣಗಾದರೆ ಹೊಟ್ಟೆಕಿಚ್ಚಿನ ವಿಷಯವನ್ನು ಬಚ್ಚಿಟ್ಟುಬಿಡುತ್ತೇನೇನೋ.

ಪಕ್ಕದ ಮನೆ ಅಂದರೆ ನನ್ನ ಓರಗಿತ್ತಿಯ ಮನೆ. ನನ್ನ ಗಂಡನ ತಮ್ಮನ ಹೆಂಡತಿ. ನಮ್ಮ ಮಾವ ಕಟ್ಟಿಸಿದ ಒಂದೇ ಮನೆಯನ್ನು ಅಣ್ಣ ತಮ್ಮ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ತಾರಸಿಯ ಮೇಲೆ ಆ ಗೋಡೆ ಸೊಂಟದೆತ್ತರ ಮಾತ್ರ. ಮಾತಾಡುವುದಕ್ಕೂ ಸಾಕು, ಇಣುಕಿ ನೋಡುವುದಕ್ಕೂ ಸಾಕು.

ನನ್ನ ಕೆಲಸ ನಡೆಯುವುದೇ ಆ ತಾರಸಿಯ ಮೇಲೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ, ಮದುವೆ ಮನೆಗಳಿಗೆ ಕೊಡುತ್ತೇನೆ. ಗಂಡ ಹೋದ ಮೇಲೆ ಮಗನ ಓದು, ಮಗಳ ಮದುವೆ ಎರಡೂ ಆ ಬಿಸಿಲಿನಲ್ಲೇ ಆದವು.

ಓರಗಿತ್ತಿಗೆ ಎಲ್ಲವೂ ನನಗಿಂತ ಮೊದಲು ಬರುತ್ತಿತ್ತು. ನಾನು ಒರಳಿನಲ್ಲಿ ರುಬ್ಬುವಾಗ ಅವಳಿಗೆ ಮಿಕ್ಸಿ ಬಂತು. ನಾನು ಸೌದೆ ಒಲೆಯಲ್ಲಿ ನೀರು ಕಾಯಿಸುವಾಗ ಅವಳಿಗೆ ಬಿಸಿನೀರಿನ ಸೋಲಾರ್ ಬಂತು. ಆ ಬಿಸಿನೀರಿನ ಸೋಲಾರಿಗೆ ಕರೆಂಟ್ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ ಇತ್ತು, ಚಿಲ್ಲರೆ ದುಡ್ಡು. ಆದರೂ ಬಿಲ್ಲು ಬಂದ ದಿನ ಗೋಡೆಯ ಮೇಲಿಂದ ನನಗೆ ಓದಿ ಹೇಳುತ್ತಿದ್ದಳು. ನಾನು "ಒಳ್ಳೇದಾಯ್ತು ಬಿಡೇ" ಅನ್ನುತ್ತಿದ್ದೆ. ಒಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಹೋದ ಶ್ರಾವಣದಲ್ಲಿ ಅವಳ ತಾರಸಿಗೆ ಹಗ್ಗ ಕಟ್ಟಿ ಕಪ್ಪು ಹಲಗೆಗಳನ್ನು ಎಳೆದುಕೊಂಡರು. ಕರೆಂಟ್ ಮಾಡುವ ಸೋಲಾರಂತೆ, ಅದಕ್ಕೆ ಸರ್ಕಾರದ ಸಬ್ಸಿಡಿಯಂತೆ. ಮಳೆ ನಿಂತ ಮೇಲೆ ಒಂದು ದಿನ ನಾನು ಮೆಣಸಿನಕಾಯಿ ಹರಡುತ್ತಿದ್ದೆ. ಅವಳು ಗೋಡೆಗೆ ಮೊಣಕೈ ಊರಿ ನಿಂತಳು.

"ಅಕ್ಕಾ, ಈ ತಿಂಗ್ಳು ನಮ್ಗೆ ಬಿಲ್ಲೇ ಕಟ್ಟಂಗಿಲ್ಲ. ಉಲ್ಟಾ ನಾವೇ ಕರೆಂಟ್ ಕೊಟ್ಟಿದೀವಂತೆ."

"ಯಾರಿಗ್ ಕೊಟ್ಟೆ?"

"ಲೈನಿಗೆ. ನಿಮ್ಮನೇಗೂ ಬಂದಿರ್ಬೋದು ಅಕ್ಕ. ನಿಮ್ಮ ಗ್ರೈಂಡರ್ ತಿರುಗ್ತಾ ಇರೋದು ನಮ್ಮ ಕರೆಂಟಲ್ಲೇ ಇರ್ಬೋದು!"

ನಗುತ್ತಾ ಹೇಳಿದಳು, ತಮಾಷೆಗೇ ಹೇಳಿದಳು. ನಾನು ಕೆಳಗಿಳಿದು ಬಂದು, ತಿರುಗುತ್ತಿದ್ದ ಗ್ರೈಂಡರಿನ ಸ್ವಿಚ್ ಆರಿಸಿ, ಅರ್ಧ ನುರಿದ ಉದ್ದನ್ನು ತೋಡಿ ಹಿತ್ತಲಿನ ಒರಳಿಗೆ ಹಾಕಿದೆ. ಆ ಸಂಜೆ ನನ್ನ ರಟ್ಟೆ ಎತ್ತಲಾಗಲಿಲ್ಲ. ಸೊಸೆ ಎಣ್ಣೆ ತಿಕ್ಕುತ್ತಾ, "ಯಾಕೆ ಅತ್ತೆ, ಕರೆಂಟ್ ಇತ್ತಲ್ಲ?" ಅಂದಳು.

"ಇತ್ತು. ನಮ್ದಾಗಿರ್ಲಿಲ್ಲ" ಅಂದೆ.

ನಮಗೂ ಸೋಲಾರ್ ಬೇಕು ಅಂತ ಅವತ್ತೇ ಪಟ್ಟು ಹಿಡಿದೆ. ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಇಷ್ಟು ಯೂನಿಟ್ಟಿನವರೆಗೆ ಕರೆಂಟು ಉಚಿತ ಅಂತ ಸರ್ಕಾರ ಕೊಡುತ್ತದೆ, ಸರಿ. ಆದರೆ ಗ್ರೈಂಡರು, ಗೀಸರು, ಮಳೆಗಾಲದಲ್ಲಿ ಸಂಡಿಗೆಗಾಗಿ ಹಗಲಿಡೀ ತಿರುಗುವ ಫ್ಯಾನು ಎಲ್ಲ ಸೇರಿ ನಾವು ಆ ಗೆರೆ ದಾಟುತ್ತಿದ್ದೆವು. ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಮಗ ಸುಂಕದಕಟ್ಟೆಯ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವವನು. ಲೆಕ್ಕ ಕೇಳಿ ಒಪ್ಪಿದ. ಆದರೆ ಒಂದು ಮಾತು ಸೇರಿಸಿದ. "ಅಮ್ಮ, ಟೆರೇಸ್ ತುಂಬಾ ಪ್ಯಾನಲ್ ಬರುತ್ತೆ. ಚಿಕ್ಕಮ್ಮನ ಮನೇಲಿ ನೋಡಿದ್ಯಲ್ಲ, ಕಾಲಿಡೋಕೂ ಜಾಗ ಇಲ್ಲ. ನಿಂಗೂ ವಯಸ್ಸಾಯ್ತು. ಸಂಡಿಗೆ ನಿಲ್ಲಿಸ್ಬಿಡು."

ಸೋಲಾರು ಬೇಕು. ಸಂಡಿಗೆ ಬಿಡುವುದೇ? ಬೆಳಿಗ್ಗೆ ಎದ್ದು ತಾರಸಿಗೆ ಹೋಗುವ ಕೆಲಸ ಇಲ್ಲದಿದ್ದರೆ ನಾನು ಯಾತಕ್ಕೆ ಏಳಬೇಕು? ಎರಡೂ ಬೇಕು ಅಂದೆ. ಎರಡೂ ಆಗದಿದ್ದರೆ ಎರಡೂ ಬೇಡ ಅಂದೆ.

ನಂದಿನಿ ಲೇಔಟ್ ಕಡೆಯ ಸೋಲಾರ್ ಅಂಗಡಿಯವನು ಟೇಪು ಹಿಡಿದು ಬಂದ. ನನ್ನ ಮಾತು ಕೇಳಿ ತಾರಸಿಯನ್ನೆಲ್ಲ ಅಳೆದು, ಆಗುತ್ತದೆ ಅಂದ. ಕಬ್ಬಿಣದ ಕಂಬ ಎತ್ತರಕ್ಕೆ ನಿಲ್ಲಿಸಿ, ಉತ್ತರದ ಕಡೆಗೆ ಅಡ್ಡಲಾಗಿ ಒಂದು ಸಾಲು ಹಲಗೆ, ಮುಖ ದಕ್ಷಿಣಕ್ಕೆ. ಕೆಳಗೆ ಮನುಷ್ಯರು ಓಡಾಡಬಹುದು, ದಕ್ಷಿಣದ ಅರ್ಧ ತಾರಸಿ ಪೂರಾ ನನ್ನ ಸಂಡಿಗೆಗೆ. ಕಂಬಕ್ಕೆ ಸ್ವಲ್ಪ ಖರ್ಚು ಜಾಸ್ತಿ. ಆಗಲಿ ಅಂದೆ. ದಕ್ಷಿಣ ಅನ್ನುವ ಮಾತು ಆವತ್ತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಸೊಸೆ ಮೊಬೈಲಿನಲ್ಲಿ ಸಬ್ಸಿಡಿಗೆ ಅರ್ಜಿ ಹಾಕಲು ಕುಳಿತಳು. ಬಿಲ್ಲಿನ ಮೇಲಿನ ಆರ್.ಆರ್. ನಂಬರ್ ಹಾಕಿದ ತಕ್ಷಣ ಅದರಲ್ಲಿ ನಮ್ಮ ಮಾವನ ಹೆಸರು ಬಂತು. ಅವರು ಹೋಗಿ ಎಷ್ಟೋ ಕಾಲವಾಗಿದೆ. ಮನೆ ಭಾಗವಾದಾಗ ಓರಗಿತ್ತಿಯವರು ಹೊಸ ಮೀಟರು ಹಾಕಿಸಿಕೊಂಡರು. ಹಳೆಯ ಮೀಟರು ನಮಗೆ ಬಂತು, ಮಾವನ ಹೆಸರಿನಲ್ಲೇ ಉಳಿಯಿತು. ಬಿಲ್ಲು ಕಟ್ಟುವುದಕ್ಕೆ ಹೆಸರು ಯಾವುದಾದರೇನು ಅಂತ ನಾವೂ ಸುಮ್ಮನಿದ್ದೆವು. ಸಬ್ಸಿಡಿಗೆ ಹಾಗಲ್ಲ. ಮೀಟರು ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿದಾರರು.

ಕರೆಂಟ್ ಆಫೀಸಿಗೆ ಹೋದೆವು. ಕಿಟಕಿಯ ಹಿಂದಿದ್ದ ಮೇಡಂ ಕಾಗದ ತಿರುವಿ ನೋಡಿ, "ಅಮ್ಮ, ಮನೆ ಖಾತೆ ನಿಮ್ಮ ಹೆಸರಿಗಿದೆ, ಸರಿ. ನಿಮ್ಮ ಮಾವನ ಮರಣ ಪ್ರಮಾಣಪತ್ರ ಇದೆ, ಅದೂ ಸರಿ. ಇವರಿಗೆ ಇನ್ನೊಬ್ಬ ಮಗ ಇದಾರಲ್ಲ, ಅವರ ಒಪ್ಪಿಗೆ ಪತ್ರ ಬೇಕು" ಅಂದರು.

"ಅವ್ರದ್ದು ಬೇರೆ ಮನೆ ಮೇಡಂ, ಬೇರೆ ಮೀಟ್ರು."

"ಗೊತ್ತಮ್ಮ. ನಾಳೆ ಅವ್ರು ಬಂದು ತಕರಾರು ಮಾಡಿದ್ರೆ? ಸೈನ್ ಹಾಕಿಸ್ಕೊಂಡ್ ಬನ್ನಿ, ಹೆಸರು ಬದಲಾಯಿಸ್ಕೊಡ್ತೀವಿ."

ಮೈದುನನ ಸೈನು. ಮೈದುನ ಪಾಪ ಒಳ್ಳೆಯವನೇ, ಆದರೆ ಅವನ ಪೆನ್ನು ಇರುವುದು ಓರಗಿತ್ತಿಯ ಕೈಯಲ್ಲಿ. ಯಾರನ್ನು ಮೀರಿಸಬೇಕು ಅಂತ ಹೊರಟಿದ್ದೆನೋ ಅವರ ಬಾಗಿಲಿಗೇ ಹೋಗಿ ಕೈಚಾಚಬೇಕು. ಆ ಕಾಗದವನ್ನು ದೇವರ ಮನೆಯಲ್ಲಿ ಇಟ್ಟು ಕಾರ್ತಿಕ ಮಾಸವನ್ನೆಲ್ಲ ಕಳೆದೆ. ಸೊಸೆ ದಿನಾ ಕೇಳುತ್ತಿದ್ದಳು. ಇವತ್ತು ಮಂಗಳವಾರ ಅನ್ನುತ್ತಿದ್ದೆ, ಇವತ್ತು ಅಮಾವಾಸ್ಯೆ ಅನ್ನುತ್ತಿದ್ದೆ.

ಕೊನೆಗೆ ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅತ್ತೆ, ನೀವು ಹೋಗ್ತೀರೋ, ನಾನೇ ಹೋಗಿ ಚಿಕ್ಕತ್ತೆ ಹತ್ರ ನಮ್ಮತ್ತೆಗೆ ನಾಚಿಕೆ ಅಂತ ಹೇಳ್ಲೋ?"

ಹೋದೆ. ಓರಗಿತ್ತಿ ಕಾಗದ ನೋಡಿ ಒಂದು ಮಾತನ್ನೂ ಕೇಳಲಿಲ್ಲ. "ರೀ, ಬನ್ರೀ ಇಲ್ಲಿ, ಅಕ್ಕ ಬಂದವ್ರೆ, ಸೈನ್ ಹಾಕಿ" ಅಂತ ಗಂಡನನ್ನು ಕರೆದಳು. ಅವನು ಹಾಕಿದ. ನನ್ನನ್ನು ಕೂರಿಸಿ ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು.

"ಇಷ್ಟಕ್ಕೆ ಇಷ್ಟು ದಿನ ಯಾಕ್ ಕಾದ್ರಿ ಅಕ್ಕ? ಆವಾಗ್ಲೇ ಕೇಳಿದ್ರೆ ಇಷ್ಟೊತ್ತಿಗೆ ನಿಮ್ಗೂ ಝೀರೋ ಬಿಲ್ ಬರ್ತಿತ್ತು."

ಅವಳು ಜಗಳ ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇಲ್ಲ ಅಂದಿದ್ದರೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಒಳ್ಳೆಯವಳೂ ಆಗಿಬಿಟ್ಟಳು, ಅದರಲ್ಲೂ ನನಗಿಂತ ಮೊದಲೇ. ಆ ಕಾಫಿಗೆ ಸಕ್ಕರೆಯೂ ಸರಿಯಾಗಿತ್ತು.

ಮೀಟರಿಗೆ ನನ್ನ ಹೆಸರು ಬಂತು. ಅರ್ಜಿ ಪಾಸಾಯಿತು. ಸಂಕ್ರಾಂತಿ ಮುಗಿದ ಮೇಲೆ ಹಲಗೆ ಕೂರಿಸಲು ಬಂದರು. ಕೆಲಸದ ಮೇಸ್ತ್ರಿ ಉತ್ತರದ ಕಡೆಗೆ ಕಂಬದ ಗುರುತು ಹಾಕುತ್ತಿದ್ದ. ನಾನು ಕಾಫಿ ಲೋಟ ಹಿಡಿದು ಮೇಲೆ ಹೋದವಳು ಪಕ್ಕದ ತಾರಸಿ ನೋಡಿದೆ. ಅವಳ ಹಲಗೆಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಸಾಲಾಗಿ ಕೂತಿದ್ದವು. ನನ್ನವೂ ಅವುಗಳ ಪಕ್ಕ, ಅವುಗಳ ಹಾಗೆಯೇ, ಅವುಗಳಾದ ಮೇಲೆ.

"ದಕ್ಷಿಣಕ್ಕೆ ಬೇಡಪ್ಪ. ಪೂರ್ವಕ್ಕೆ ತಿರುಗಿಸು" ಅಂದೆ.

"ಅಮ್ಮ, ಎಲ್ಲಾರ್ಗೂ ದಕ್ಷಿಣಕ್ಕೇ ಹಾಕೋದು."

"ನಾವು ದಕ್ಷಿಣಕ್ಕೆ ಮುಖ ಮಾಡಿ ದೀಪ ಹಚ್ಚಲ್ಲ, ಅದು ಯಮನ ದಿಕ್ಕು. ಸೂರ್ಯದೇವ್ರು ಹುಟ್ಟೋದು ಪೂರ್ವದಾಗೆ. ಅವನ್ಗೆ ಎದುರಾಗಿ ಇಡು."

ಮೇಸ್ತ್ರಿ ಅಂಗಡಿಯವನಿಗೆ ಫೋನು ಮಾಡಿದ. ಅಂಗಡಿಯವನು ಮಗನಿಗೆ ಮಾಡಿದ. ಪೂರ್ವಕ್ಕೆ ತಿರುಗಿಸಬೇಕಾದರೆ ಸಾಲು ಅಡ್ಡಲಾಗಿ ನಿಲ್ಲುವುದಿಲ್ಲ, ತಾರಸಿಯ ಉದ್ದಕ್ಕೆ ಬರುತ್ತದೆ, ದಕ್ಷಿಣದ ಕಡೆ ಸಂಡಿಗೆ ಜಾಗದ ಮೇಲೂ ಬರುತ್ತದೆ, ಕರೆಂಟೂ ಸ್ವಲ್ಪ ಕಮ್ಮಿ ಅಂತ ಎಲ್ಲರೂ ಹೇಳಿದರು. ನಾನು ಯಮನನ್ನು ಬಿಡಲಿಲ್ಲ. ಕಂಬ ಎತ್ತರ ಇದೆಯಲ್ಲ, ಓರೆ ಬಿಸಿಲು ಒಳಗೆ ಬರುತ್ತದೆ, ಸಂಡಿಗೆಗೆ ಅಷ್ಟು ಸಾಕು ಅಂದೆ. ಯಮನ ಹಿಂದೆ ಓರಗಿತ್ತಿ ನಿಂತಿದ್ದಳು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಅವಳದು ದಕ್ಷಿಣ, ಆದ್ದರಿಂದ ನನ್ನದು ಪೂರ್ವ. ಅಷ್ಟೇ ವಿಷಯ.

ಪೂರ್ವಕ್ಕೇ ಕೂರಿಸಿದರು. ನಾನು ಕುಂಕುಮ ಹಚ್ಚಿ ಕಾಯಿ ಒಡೆದೆ.

ಆ ವಾರ ನನಗೆ ಒಂದು ಮದುವೆ ಮನೆಯ ಅಕ್ಕಿ ಸಂಡಿಗೆ ಇತ್ತು. ಅಕ್ಕಿ ಹಿಟ್ಟನ್ನು ಗಂಜಿಯ ಹಾಗೆ ಬೇಯಿಸಿ, ಜೀರಿಗೆ ಉಪ್ಪು ಬೆರೆಸಿ, ಬಿಸಿಲೇರುವ ಮುಂಚೆ ಹಾಳೆಯ ಮೇಲೆ ಸೌಟಿನಿಂದ ಬಿಡಬೇಕು. ಮೊದಲ ದಿನದ ಬಿಸಿಲು ಬಹಳ ಮುಖ್ಯ. ಅವತ್ತು ಮೇಲೆ ಪದರ ಕಟ್ಟದಿದ್ದರೆ ಒಳಗೆ ಹುಳಿ ಹಿಡಿಯುತ್ತದೆ, ಕರಿದಾಗ ಅರಳುವುದಿಲ್ಲ. ನಾನು ಹಾಳೆ ಹಾಸಿ ಬಿಟ್ಟೆ. ಬೆಳಗಿನ ಬಿಸಿಲು ಚೆನ್ನಾಗಿಯೇ ಬಂತು. ಹೊತ್ತೇರುತ್ತಿದ್ದಂತೆ ಕಪ್ಪು ಹಲಗೆಯ ನೆರಳು ಹಾಳೆಯ ಮೇಲೆ ಹತ್ತಿತು. ಹಾಳೆ ಎಳೆದೆ. ಮತ್ತೆ ಹತ್ತಿತು. ಮತ್ತೆ ಎಳೆದೆ. ಎಳೆದ ಕಡೆಯಲ್ಲೆಲ್ಲ ಹಸಿ ಸಂಡಿಗೆ ಒಂದಕ್ಕೊಂದು ಅಂಟಿಕೊಂಡಿತು. ಮಾರನೆಯ ದಿನ ಮುಟ್ಟಿ ನೋಡಿದರೆ ಅಂಟು, ಮೂಸಿ ನೋಡಿದರೆ ಹುಳಿ. ಮದುವೆ ಮನೆಯ ಸಂಡಿಗೆಯನ್ನು, ಒಂದು ಹಾಳೆ ಬಿಟ್ಟು, ಎಲ್ಲ ಬಾಚಿ ಬಕೆಟ್ಟಿಗೆ ಹಾಕಿದೆ.

ಓರಗಿತ್ತಿ ನೋಡುತ್ತಿದ್ದಳು. ಚುಚ್ಚಿ ಏನಾದರೂ ಅನ್ನುತ್ತಾಳೆ ಅಂದುಕೊಂಡೆ. "ಅಕ್ಕಾ, ಹಸೂಗೆ ಹಾಕ್ಬಿಡಿ, ಚೆಲ್ಬೇಡಿ" ಅಂದಳು ಅಷ್ಟೇ.

ಅದೇ ಮಧ್ಯಾಹ್ನ ಮೇಸ್ತ್ರಿ ವೈರು ಜೋಡಿಸಲು ಬಂದ. ಕೈಯಲ್ಲಿ ಹಿಡಿಯುವ ಸಣ್ಣ ಮೀಟರಿನಿಂದ ನಮ್ಮ ಹಲಗೆ ಪರೀಕ್ಷೆ ಮಾಡಿ ತಲೆ ಅಲ್ಲಾಡಿಸಿದ. "ಅಮ್ಮ, ಬಿಸ್ಲು ಅತ್ಲಾಗೆ ಹೋಯ್ತು. ಇನ್ನು ಸಾಯಂಕಾಲದವರೆಗೂ ಇಳೀತಾನೇ ಹೋಗುತ್ತೆ. ಪಕ್ಕದ್ಮನೇದು ಇನ್ನೂ ಚೆನ್ನಾಗಿ ಬರ್ತಿರುತ್ತೆ ನೋಡಿ."

ಪಕ್ಕದ ಮನೆಯದು! ಆ ಮಾತು ಸಂಡಿಗೆ ಹಾಳಾಗಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಉಳಿದಿದ್ದ ಒಂದು ಹಾಳೆಯನ್ನಾದರೂ ಉಳಿಸೋಣ ಅಂತ ಬಿಸಿಲು ಹುಡುಕಿಕೊಂಡು ಹೊರಟೆ. ಎಳೆಯುತ್ತಾ ಎಳೆಯುತ್ತಾ ದಕ್ಷಿಣದ ಗೋಡೆಯ ಬಳಿ ಹಲಗೆ ಬಿಟ್ಟಿದ್ದ ಒಂದು ಮೂಲೆಗೆ ಬಂದೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು ಸಂಡಿಗೆ ಬಿಡಿಸತೊಡಗಿದೆ. ಮುಖಕ್ಕೆ ಬಿಸಿಲು ಹೊಡೆಯಿತು. ಸೆರಗು ಮುಂದಕ್ಕೆಳೆದುಕೊಂಡೆ. ಆವಾಗ ಹೊಳೆಯಿತು. ಚಳಿಗಾಲದ ಮಧ್ಯಾಹ್ನ ಸಂಡಿಗೆ ತಿರುವಿ ಹಾಕುವಾಗೆಲ್ಲ ನಾನು ಹೀಗೇ ಸೆರಗೆಳೆದುಕೊಳ್ಳುತ್ತೇನೆ. ಯಾಕೆಂದರೆ ಬಿಸಿಲು ದಕ್ಷಿಣದಿಂದಲೇ ಬರುತ್ತದೆ, ನಾನು ಆ ಕಡೆಗೇ ಮುಖ ಮಾಡಿ ಕೂರುತ್ತೇನೆ, ನನ್ನ ನೆರಳು ಹಿಂದೆ ಬೀಳಲಿ, ಸಂಡಿಗೆ ಮೇಲೆ ಬೀಳದಿರಲಿ ಅಂತ. ಇಷ್ಟು ವರ್ಷ ಅದೇ ದಿಕ್ಕಿಗೆ ಕೂತು ಅನ್ನ ದುಡಿದಿದ್ದೇನೆ. ಯಮ ಒಂದು ದಿನವೂ ಮಾತಾಡಿಸಿರಲಿಲ್ಲ.

ಎದ್ದು ನಿಂತು, "ಮೇಸ್ತ್ರಿ, ಬಿಚ್ಚಪ್ಪ ಎಲ್ಲಾ. ಅವತ್ತು ಹೇಳಿದ್ಯಲ್ಲ, ಹಂಗೇ ಉತ್ತರದ ಕಡೆ ನಿಲ್ಸಿ ದಕ್ಷಿಣಕ್ಕೆ ತಿರುಗಿಸು" ಅಂದೆ.

"ಅಮ್ಮ, ಕಂಬ ಎಲ್ಲಾ ಕೀಳ್ಬೇಕು. ಮತ್ತೆ ಕೂಲಿ ಆಗುತ್ತೆ."

"ಸಂಡಿಗೆ ದುಡ್ಡಲ್ಲಿ ಕೊಡ್ತೀನಿ. ಆಫೀಸಿನವ್ರು ನೋಡಕ್ಕೆ ಬರೋದ್ರೊಳಗೆ ಆಗ್ಬೇಕು."

ಮಗ ಸಂಜೆ ಬಂದು ಕೂಗಾಡಿದ. "ಯಮ ಏನಾದ ಈಗ? ಟ್ರಾನ್ಸ್‌ಫರ್ ಆಯ್ತಾ?" ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಅವನ ಮುಂದೆ ಹುಳಿ ಹಿಡಿದ ಸಂಡಿಗೆಯ ಬಕೆಟ್ಟು ಇಟ್ಟೆ.

ಮದುವೆ ಮನೆಯವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ನಾಲ್ಕು ದಿನ ಕೇಳಿದೆ. ಬೈದರು, ಆದರೆ ಕೊಟ್ಟರು. ಹಲಗೆಗಳು ಉತ್ತರಕ್ಕೆ ಸರಿದು ದಕ್ಷಿಣಕ್ಕೆ ತಿರುಗಿದವು. ಅವುಗಳ ನೆರಳು ಹಿಂದಕ್ಕೆ ಬಿತ್ತು. ಮುಂದಿನ ಅರ್ಧ ತಾರಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲೇ ಬಿಸಿಲು. ಎರಡನೇ ಸಲ ಬಿಟ್ಟ ಸಂಡಿಗೆ ಗರಿಗರಿಯಾಗಿ ಒಣಗಿ, ಹಾಳೆಯಿಂದ ತಾನಾಗೇ ಎದ್ದು ಬಂತು.

ಕರೆಂಟ್ ಆಫೀಸಿನವರು ಬಂದು ನೋಡಿದರು. ಒಳಗೆ ಬರುವ ಕರೆಂಟು, ಹೊರಗೆ ಹೋಗುವ ಕರೆಂಟು ಎರಡನ್ನೂ ಅಳೆಯುವ ಮೀಟರು ಕೂರಿಸಿದರು. ಮನೆಯವರು ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿ ಕಳಿಸಬೇಕು ಅಂದಾಗ ನಾನು ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು ನಿಂತೆ. ಬ್ಯಾಂಕಿನಲ್ಲಿ ನನ್ನ ಖಾತೆಗೆ ಆಧಾರ್ ಸೇರಿಸಿರಲಿಲ್ಲ ಅಂತ ಇನ್ನೊಂದಿಷ್ಟು ಓಡಾಟವಾಯಿತು. ಅಂತೂ ಇವತ್ತು ಬೆಳಿಗ್ಗೆ ಬಂತು.

ಸಂಜೆ ಎಲ್ಲರಿಗೂ ತಾರಸಿಯ ಮೇಲೆ, ಹಲಗೆಗಳ ಕೆಳಗೇ ಊಟ. ಚಪ್ಪರದ ಹಾಗಿದೆ. ಮಗ, ಸೊಸೆ, ಮೊಮ್ಮಗಳು, ಕೆಂಗೇರಿಯಿಂದ ಮಗಳು ಅಳಿಯ, ಪಕ್ಕದ ಮನೆಯಿಂದ ಮೈದುನ, ಅವನ ಮಗ ಸೊಸೆ, ಓರಗಿತ್ತಿ. ಬಸ್ಸಾರು, ಮುದ್ದೆ, ಶ್ಯಾವಿಗೆ ಪಾಯಸ. ಸಂಡಿಗೆಯನ್ನು ಅಲ್ಲಿಯೇ ಒಲೆ ಇಟ್ಟು ಕರಿಯಲು ನಾನು ಕೂತೆ.

ಓರಗಿತ್ತಿ ಎಲೆಯ ಮುಂದೆ ಕೂತವಳು ಊಟ ಬಿಟ್ಟು ಸುತ್ತ ನೋಡುತ್ತಿದ್ದಳು. ಹಲಗೆ ನೋಡಿದಳು, ಕಂಬ ನೋಡಿದಳು, ಮುಂದಿನ ಬಯಲಿನಲ್ಲಿ ಮಡಿಸಿಟ್ಟ ನನ್ನ ಸಂಡಿಗೆ ಹಾಳೆಗಳನ್ನು ನೋಡಿದಳು.

"ನಮ್ಮ ಟೆರೇಸ್ ಮೇಲೆ ಒಂದ್ ಸೀರೆ ಹರವಕ್ಕೂ ಜಾಗ ಇಲ್ಲ ಅಕ್ಕ. ಎಲ್ಲಾ ನೆಲಕ್ಕೇ ಹಾಕ್ಬಿಟ್ರು. ಈ ವರ್ಷ ಒಣ ಮೆಣಸಿನ್ಕಾಯಿ ಅಂಗಡೀಲಿ ತಂದೆ." ಗಂಡನ ಕಡೆ ತಿರುಗಿದಳು. "ನೋಡ್ರೀ, ಕಂಬ ಎತ್ತರ ಹಾಕ್ಸಿ ಅಂದ್ರೆ ನೀವು ಖರ್ಚು ಖರ್ಚು ಅಂದ್ರಲ್ಲ. ಅಕ್ಕಂಗೆ ನೋಡಿ, ಎರಡೂ ಐತೆ."

ಮೈದುನ ಮುದ್ದೆಯ ಕಡೆ ಬಗ್ಗಿದ.

ಆ ದನಿ ನನಗೆ ಗುರುತು ಸಿಕ್ಕಿತು. ಸಿಗದೇ ಏನು, ಅದು ನನ್ನದೇ ದನಿ. ಮಿಕ್ಸಿ ಬಂದ ದಿನ, ಬಿಸಿನೀರಿನ ಸೋಲಾರ್ ಬಂದ ದಿನ ನನ್ನ ಹೊಟ್ಟೆಯಲ್ಲಿ ಕೂತು ಮಾತಾಡಿದ ದನಿ. ಅದು ಅವಳ ಬಾಯಲ್ಲಿ ಕೇಳಿ ನನಗಾದ ಸಂತೋಷವನ್ನು ಸರ್ಕಾರದ ಯಾವ ಸಬ್ಸಿಡಿಯೂ ಕೊಡಲಾರದು. ಮುಚ್ಚಿಟ್ಟು ಏನು ಮಾಡಲಿ?

"ನಾಳೆ ಹಸಿ ಮೆಣಸಿನ್ಕಾಯಿ ತಗೊಂಡ್ ಬಾರೇ, ಇಲ್ಲೇ ಒಣಗಿಸ್ಕೋ" ಅಂದೆ. "ಆ ಗೋಡೆ ಪಕ್ಕದ ಜಾಗ ನೀನೇ ಇಟ್ಕೋ. ಸೈನ್ ಗೀನ್ ಏನೂ ಬೇಡ."

ಅವಳು ನಕ್ಕಳು. ಕಣ್ಣು ಮಾತ್ರ ಇನ್ನೂ ಕಂಬದ ಮೇಲೇ ಇತ್ತು. ಬಾಣಲೆಯಲ್ಲಿ ಸಂಡಿಗೆ ಸುಯ್ಯೆಂದು ಅರಳಿತು, ಬೆಳ್ಳಗೆ, ಕೈಯಗಲ. ಅದರಲ್ಲೂ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಿ ಮೊದಲು ಅವಳ ಎಲೆಗೇ ಹಾಕಿದೆ. ಅವಳು ಮುರಿದ ಸದ್ದು ಎಲ್ಲರಿಗೂ ಕೇಳಿತು.

"ಇನ್ನೊಂದ್ ಹಾಕಿ ಅಕ್ಕ" ಅಂದಳು.

ಹಾಕಿದೆ.